ಹೊಲ ಮಾರುವ ಮುನ್ನ ಸಿಲಬಸ್ ಓದಿ

ಬಿ.ಸಿ.ಎ, ಬಿ.ಕಾಂ ಅಥವಾ ಎಂಜಿನಿಯರಿಂಗ್ ಮುಗಿಸಿದ ನಮ್ಮ ಕಡೆಯ ಹುಡುಗ ಹುಡುಗಿಯರು ವಿದೇಶದ ಓದಿನ ಮಾತು ಬಂದರೆ ಮೊದಲು ಕೇಳುವುದು 'ಯಾವ ದೇಶ?' ಎಂದು. ಯಾವ ಕೋರ್ಸ್, ಅಲ್ಲಿ ಏನು ಕಲಿಸುತ್ತಾರೆ ಎಂಬ ಪ್ರಶ್ನೆ ಆಮೇಲೆ. ಅಳವಂಡಿಯಂಥ ಊರಿನಿಂದ ಹೊರಡುವವರಿಗೆ ಈ ಕ್ರಮ ತುಂಬಾ ದುಬಾರಿ. ಮೊದಲು ಕೋರ್ಸ್, ಆಮೇಲೆ ಖರ್ಚಿನ ಲೆಕ್ಕ, ಕೊನೆಗೆ ದೇಶ ಎಂಬುದು ನನ್ನ ವಾದ.

ಜರ್ಮನಿಯ ಎರ್ಲಾಂಗೆನ್-ನ್ಯೂರೆಂಬರ್ಗ್ ವಿಶ್ವವಿದ್ಯಾಲಯದಲ್ಲಿ 'ಇಂಟರ್‌ನ್ಯಾಷನಲ್ ಇನ್ಫರ್ಮೇಷನ್ ಸಿಸ್ಟಮ್ಸ್' ಎಂಬ ಸ್ನಾತಕೋತ್ತರ ಪದವಿಯಿದೆ. ಇಂಗ್ಲಿಷ್‌ನಲ್ಲೇ ಪಾಠ, ನಾಲ್ಕು ಸೆಮಿಸ್ಟರ್, 120 ಕ್ರೆಡಿಟ್. ಹೆಸರು ಕೇಳಿದವರು ಇದನ್ನು ಎಂ.ಸಿ.ಎ.ಯ ಇನ್ನೊಂದು ರೂಪ ಎಂದುಕೊಳ್ಳುತ್ತಾರೆ. ಆದರೆ ಇಲ್ಲಿ ಕೋಡಿಂಗ್ ಜೊತೆಗೆ ವ್ಯವಹಾರ ನಿರ್ವಹಣೆಗೂ ಅಷ್ಟೇ ಜಾಗ.

ಮಾಹಿತಿ ವ್ಯವಸ್ಥೆ ಎಂದರೇನು ಎಂದು ತಿಳಿಯಲು ನಮ್ಮ ಪಹಣಿಯನ್ನೇ ನೋಡಿ. 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಬಂದವು. ಬರೀ ಟೈಪ್ ಮಾಡಿದ್ದರೆ ಏನೂ ಬದಲಾಗುತ್ತಿರಲಿಲ್ಲ. ಕೈಬರಹದ ಪಹಣಿಯ ಮಾನ್ಯತೆ ತೆಗೆಯಬೇಕಾಯಿತು. ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವ ನಿಯಮ ತರಬೇಕಾಯಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗುವ ಏರ್ಪಾಡು ಬೇಕಾಯಿತು. ಕಂಪ್ಯೂಟರ್, ಕಚೇರಿ, ಕಾನೂನು, ಜನ ಈ ನಾಲ್ಕನ್ನೂ ಹೊಂದಿಸುವ ವಿದ್ಯೆ ಇದು. ಹೊಂದಿಕೆ ತಪ್ಪಿದರೆ ಏನಾಗುತ್ತದೆ ಎಂಬುದು 'ಸರ್ವರ್ ಡೌನ್' ಎಂಬ ಮಾತು ಕೇಳಿ ಕಿಟಕಿಯಿಂದ ಹಿಂದಿರುಗಿದ ಎಲ್ಲರಿಗೂ ಗೊತ್ತು.

ಇದೇ ಕೆಲಸ ಹತ್ತು ದೇಶಗಳಲ್ಲಿ, ಹತ್ತು ಕಾನೂನುಗಳಡಿ ನಡೆಯಬೇಕಾದಾಗ 'ಇಂಟರ್‌ನ್ಯಾಷನಲ್' ಎಂಬ ಪದಕ್ಕೆ ಅರ್ಥ ಬರುತ್ತದೆ. ಯುರೋಪಿನ ದತ್ತಾಂಶ ರಕ್ಷಣಾ ನಿಯಮ 2018ರಲ್ಲಿ ಜಾರಿಗೆ ಬಂತು, ನಮ್ಮ ಸಂಸತ್ತು ತನ್ನ ಕಾಯ್ದೆಯನ್ನು 2023ರಲ್ಲಿ ಅಂಗೀಕರಿಸಿತು. ಎರಡೂ ಕಡೆ ಗ್ರಾಹಕರಿರುವ ಕಂಪನಿಗೆ ಎರಡನ್ನೂ ಬಲ್ಲವರು ಬೇಕು. ಜರ್ಮನಿಯ ಎಸ್‌ಎಪಿ ಕಂಪನಿ 1998ರಲ್ಲೇ ಬೆಂಗಳೂರಿನಲ್ಲಿ ತನ್ನ ಲ್ಯಾಬ್ ತೆರೆದಿದೆ. ಅಂದರೆ ಈ ಓದಿಗೆ ತಕ್ಕ ಕೆಲಸ ವಿದೇಶದಲ್ಲಿ ಮಾತ್ರ ಇದೆ ಎಂದೇನಿಲ್ಲ.

ಈಗ ಲೆಕ್ಕಕ್ಕೆ ಬರೋಣ. 'ಜರ್ಮನಿಯಲ್ಲಿ ಓದು ಉಚಿತ' ಎಂಬುದು ಅರ್ಧ ಸತ್ಯ. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರ್‌ಗೆ 1,500 ಯೂರೊ ಪಡೆಯುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ. ಖಾಸಗಿ ಕಾಲೇಜುಗಳ ಮಾತಂತೂ ಬೇರೆಯೇ. ಏಜೆಂಟರಿಗೆ ಕಮಿಷನ್ ಸಾಮಾನ್ಯವಾಗಿ ಸಿಗುವುದು ಖಾಸಗಿ ಕಾಲೇಜುಗಳಿಂದ ಎಂಬುದು ನೆನಪಿರಲಿ.

ಶುಲ್ಕ ಇಲ್ಲದಿದ್ದರೂ ವೀಸಾಕ್ಕೆ ಮೊದಲು ಒಂದು ವರ್ಷದ ಜೀವನ ವೆಚ್ಚವನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೊಗೆ ಏರಿಸಲಾಯಿತು. ನಮ್ಮ ಹಣದಲ್ಲಿ ಅದು ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಇದಲ್ಲದೆ ಅಂಕಪಟ್ಟಿಗಳ ಪರಿಶೀಲನೆಗೆ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರ್‌ನಿಂದ ಕಡ್ಡಾಯ.

ಹತ್ತು ಲಕ್ಷ ಎಲ್ಲಿಂದ ತರಬೇಕು? ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷ ದಾಟಿದರೆ ಆಸ್ತಿಯ ಭದ್ರತೆ ಬೇಕು. ನಮ್ಮಲ್ಲಿ ಬಹಳ ಮನೆಗಳಿಗೆ ಇರುವ ಆಸ್ತಿಯೆಂದರೆ ಜೋಳ, ಕಡಲೆ ಬೆಳೆಯುವ ಎರೆ ಹೊಲ. ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸದ ಕಾರಣ ಬ್ಯಾಂಕುಗಳು ಹೊಲವನ್ನು ಭದ್ರತೆಯಾಗಿ ಒಪ್ಪಲು ಹಿಂಜರಿಯುತ್ತವೆ. ಪಟ್ಟಣದಲ್ಲಿ ಒಂದು ಸೈಟ್ ಇದ್ದವನಿಗೆ ಸಿಗುವ ಸಾಲ ಎಂಟು ಎಕರೆ ಇದ್ದವನಿಗೆ ಸಿಗದೇ ಹೋಗಬಹುದು. ಆಗ ಉಳಿಯುವುದು ಬಡ್ಡಿ ಸಾಲ, ಇಲ್ಲವೇ ಹೊಲ ಮಾರಾಟ. ಆ ಹೊಲದಲ್ಲಿ ತಂಗಿಯ ಓದು, ಅಪ್ಪ-ಅವ್ವನ ಮುಪ್ಪು ಎರಡೂ ಇವೆ.

ಹಾಗಂತ ಹೋಗಲೇಬೇಡಿ ಎನ್ನುತ್ತಿಲ್ಲ. ಓದುವಾಗ ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅಲ್ಲಿ ಅವಕಾಶವಿದೆ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಬಹುದು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ 'ಪ್ರಬುದ್ಧ' ಯೋಜನೆಯಿದೆ. ಆದರೆ ಪಾಠ ಇಂಗ್ಲಿಷ್‌ನಲ್ಲಿದ್ದರೂ ಅಲ್ಲಿನ ಕೆಲಸಕ್ಕೆ ಹೆಚ್ಚಾಗಿ ಜರ್ಮನ್ ಬೇಕು. ಭಾಷೆ ಕಲಿಯಲು ಅಲ್ಲಿ ಇಳಿಯುವವರೆಗೆ ಕಾದರೆ ಆ 18 ತಿಂಗಳು ಸಾಲದು.

ಆದ್ದರಿಂದ ಅಂತಿಮ ವರ್ಷದಲ್ಲಿರುವವರು ಮೊದಲು ವಿಶ್ವವಿದ್ಯಾಲಯದ ಪ್ರವೇಶ ನಿಯಮವನ್ನು ತಾವೇ ಓದಲಿ. ಮೂರು ವರ್ಷದ ಪದವಿ ಸಾಕೇ, ಕಂಪ್ಯೂಟರ್ ಮತ್ತು ನಿರ್ವಹಣೆಯ ವಿಷಯಗಳಲ್ಲಿ ಎಷ್ಟು ಕ್ರೆಡಿಟ್ ಇರಬೇಕು ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಕಡಿಮೆ ಬಿದ್ದರೆ ಪಿಜಿಸಿಇಟಿ ಬರೆದು ಇಲ್ಲೇ ಎಂ.ಸಿ.ಎ. ಮಾಡಿ, 371(ಜೆ) ಮೀಸಲಾತಿ ಬಳಸಿಕೊಳ್ಳಿ. ಎರಡು ವರ್ಷ ಕೆಲಸ ಮಾಡಿ, ಸ್ವಂತ ಉಳಿತಾಯದೊಂದಿಗೆ ಹೋಗುವುದರಲ್ಲಿ ಅವಮಾನವೇನಿಲ್ಲ. ನಮ್ಮ ಕಾಲೇಜುಗಳ ಪ್ಲೇಸ್‌ಮೆಂಟ್ ಸೆಲ್‌ಗಳೂ ವರ್ಷಕ್ಕೊಮ್ಮೆಯಾದರೂ ಈ ಲೆಕ್ಕವನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ.

ಏಜೆಂಟರ ಮುಂದೆ ಕೂರುವ ಮೊದಲು ಮನೆಯಲ್ಲಿ ಅವ್ವನ ಮುಂದೆ ಕೂತು, ಏನು ಓದಲು ಹೋಗುತ್ತಿದ್ದೇನೆ, ಸಾಲ ಹೇಗೆ ತೀರಿಸುತ್ತೇನೆ ಎಂದು ಹೇಳಿ ನೋಡಿ. ಅವಳು ಕೇಳುವ ಪ್ರಶ್ನೆಗಳಿಗೆ ಉತ್ತರ ನಿಮ್ಮಲ್ಲಿದ್ದರೆ ಧೈರ್ಯವಾಗಿ ಅರ್ಜಿ ಹಾಕಿ.