ಮಾಲು, ಸಂತೆ ಮತ್ತು ಮರ್ಯಾದೆ

ಬಡತನವಿನ್ನೂ ನೀಗದ ನಾಡಿನಲ್ಲಿ ಅರಮನೆಯನ್ನು ನಾಚಿಸುವ ಮಳಿಗೆಗಳು ತಲೆಯೆತ್ತುವುದು ಅಭ್ಯುದಯದ ಲಕ್ಷಣವೋ ವಿಷಮತೆಯ ಪ್ರದರ್ಶನವೋ ಎಂಬ ಪ್ರಶ್ನೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯವರಿಗೆ ಇಂದು ಬರಿಯ ತತ್ತ್ವಜಿಜ್ಞಾಸೆಯಾಗಿ ಉಳಿದಿಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ತೆರೆದ ಮೇಲೆ ಆ ಸೀಮೆಯ ಎಷ್ಟೋ ದ್ರಾಕ್ಷಿತೋಟಗಳು ಬಡಾವಣೆಗಳಾದುವು. 2023ರಲ್ಲಿ ಅಲ್ಲಿಂದ ನಗರಕ್ಕೆ ಬರುವ ಬಳ್ಳಾರಿ ರಸ್ತೆಯಲ್ಲೇ ಫೀನಿಕ್ಸ್ ಮಾಲ್ ಆಫ್ ಏಷ್ಯಾ ಬಾಗಿಲು ತೆರೆಯಿತು.

ಇಂತಹ ಮಾಲುಗಳ ಸೌಖ್ಯವನ್ನು ಹೀಗಳೆಯುವುದು ನ್ಯಾಯವಲ್ಲ. ದೊಡ್ಡಬಳ್ಳಾಪುರದಿಂದಲೋ ಹೊಸಕೋಟೆಯಿಂದಲೋ ಹೋದ ಹೆಣ್ಣುಮಗಳು ಅಲ್ಲಿ ಬಿಸಿಲಿಗೂ ಪೋಲಿ ನೋಟಕ್ಕೂ ಅಂಜದೆ ಗೆಳತಿಯರೊಡನೆ ಸಂಜೆ ಕಳೆಯಬಲ್ಲಳು. ಶುಚಿಯಾದ ಶೌಚಾಲಯ ಅಲ್ಲುಂಟು. ಚೀಟಿಯ ಮೇಲಿನ ಬೆಲೆ ಜಮೀನ್ದಾರನಿಗೂ ಕೂಲಿಯವನಿಗೂ ಒಂದೇ. ನಮ್ಮ ವಾರದ ಸಂತೆಗಳು ಇಷ್ಟನ್ನು ಒದಗಿಸಿಲ್ಲವೆಂಬುದನ್ನು ಸಂತೆಯ ಅಭಿಮಾನಿಗಳು ಒಪ್ಪಲೇಬೇಕು.

ಆದರೂ ಮಾಲಿನಲ್ಲಿಲ್ಲದ ಗುಣವೊಂದು ಸಂತೆಯಲ್ಲುಂಟು. ಗೋಣಿಯ ಮೇಲೆ ಸೊಪ್ಪಿನ ಕಟ್ಟುಗಳನ್ನು ಜೋಡಿಸಿ, ತಿರುಳಿನ ಕೆಂಪು ಕಾಣುವಂತೆ ಒಂದು ಚಕ್ಕೋತವನ್ನು ಸುಲಿದಿಟ್ಟು ಗಿರಾಕಿಗಳನ್ನು ಕೂಗುವ ಹೆಂಗಸು, ಹೊತ್ತಿಳಿಯುವಷ್ಟರಲ್ಲಿ ಸೆರಗಿನ ಗಂಟು ಬಿಚ್ಚಿ ಎದುರಿನ ಅಂಗಡಿಯಲ್ಲಿ ಮಗುವಿಗೆ ಅಂಗಿ ಕೊಳ್ಳುತ್ತಾಳೆ. ಮಾರಿದವಳೇ ಕೊಳ್ಳುವವಳೂ ಆಗಿರುವುದರಿಂದ ಆಕೆ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಮಾಲಾದರೋ ಮನುಷ್ಯನನ್ನು ಗಿರಾಕಿಯನ್ನಾಗಿ ಮಾತ್ರ ಬಲ್ಲುದು. ಜೇಬಿನ ತೂಕ ಹೊರಗೆ ಕಾಣದಾದ್ದರಿಂದ ಉಡುಪನ್ನೇ ಅದರ ಸಾಕ್ಷಿಯೆಂದು ಎಣಿಸುತ್ತದೆ. 2024ರ ಜುಲೈಯಲ್ಲಿ, ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಮಾಗಡಿ ರಸ್ತೆಯ ಮಾಲೊಂದರ ಬಾಗಿಲಲ್ಲಿ ತಡೆದುದು ಈ ಎಣಿಕೆಯ ಫಲವೇ. ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲಿ ಘೋಷಿಸಿತು. ಕ್ರಮ ಉಚಿತವೇ, ಆದರೆ ಆ ತಡೆಯನ್ನು ಕಾವಲುಗಾರನೊಬ್ಬನ ಅವಿವೇಕವೆಂದು ತಿಳಿದು ಸುಮ್ಮನಾದರೆ ರೋಗದ ಬೇರು ಉಳಿದೇ ಉಳಿಯುತ್ತದೆ.

ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ; ದೊಡ್ಡಬಳ್ಳಾಪುರದ ಬೀದಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಇಂದಿಗೂ ಕೇಳುತ್ತದೆ. ಆದರೆ ಆ ಚಕ್ಕೋತವನ್ನು ಬೆಳೆದವನೂ ಈ ಮಗ್ಗಗಳಲ್ಲಿ ನೇಯ್ದವನೂ ತಮ್ಮ ಸರಕನ್ನು ತಾವೇ ಹರವಿ ಕೂರಲು ಮಾಲಿನ ಅಮೃತಶಿಲೆಯ ನೆಲದಲ್ಲಿ ಎರಡು ಮೊಳ ಜಾಗವಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಏರೋಸ್ಪೇಸ್ ಪಾರ್ಕಿಗೆಂದು ಗುರುತಿಸಿದ್ದ 1,777 ಎಕರೆಯನ್ನು ಬಿಟ್ಟುಕೊಡಲೊಲ್ಲದೆ, 2025ರ ಜುಲೈಯಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಡುವವರೆಗೆ ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿದುದರ ಮರ್ಮವನ್ನು ನಾನು ಇಲ್ಲಿಯೇ ಕಾಣುತ್ತೇನೆ: ಪರಿಹಾರದ ಹಣ ಎಷ್ಟೇ ಬರಲಿ, ಭೂಮಿ ಹೋದಂದಿನಿಂದ ಮನುಷ್ಯ ಪೇಟೆಗೆ ಕೊಳ್ಳುವವನಾಗಿ ಮಾತ್ರ ಹೋಗಬಲ್ಲ, ಆ ಹಣ ತೀರಿದಂದು ಹಾಗೆಯೂ ಹೋಗಲಾರ.

ಮಾಲು ಖಾಸಗಿ ಸ್ವತ್ತು, ಅಲ್ಲಿ ಒಡೆಯನ ಇಚ್ಛೆಯೇ ನಿಯಮ ಎಂಬ ವಾದ ನಿಲ್ಲದು. ಮಾಲಿಗೆ ಪರವಾನಗಿಯನ್ನೂ ದಾರಿಯನ್ನೂ ಒದಗಿಸುವುದು ಸಮಾಜವೇ. ಆದ್ದರಿಂದ ಆ ಪರವಾನಗಿಯೊಡನೆ ಸುತ್ತಣ ತಾಲ್ಲೂಕುಗಳ ಬೆಳೆಗಾರರಿಗೂ ನೇಕಾರರಿಗೂ ಕೈಗೆಟಕುವ ಬಾಡಿಗೆಯಲ್ಲಿ ಸ್ಥಳ ಕೊಡುವ ಕರಾರನ್ನು ಸೇರಿಸುವುದು ಯುಕ್ತ. ಅಂತೆಯೇ ಸಂತೆಯ ಸುಂಕವನ್ನು ಹರಾಜು ಹಾಕುವ ಸ್ಥಳೀಯ ಸಂಸ್ಥೆಗಳು ಆ ಹಣದಿಂದ ಸಂತೆಮಾಳಕ್ಕೆ ಸೂರು, ನೀರು, ಶೌಚಾಲಯಗಳನ್ನು ಒದಗಿಸುವುದು ಅವುಗಳ ಕರ್ತವ್ಯ. ದುಡಿದವರು ತಮ್ಮ ಸರಕನ್ನು ಹೊತ್ತು ಒಳಹೊಕ್ಕು, ತಮಗೆ ಬೇಕಾದುದನ್ನು ಕೊಂಡು ಹೊರಬರಬಲ್ಲ ಮಾಲು ಎಷ್ಟೇ ವೈಭವದ್ದಾಗಿದ್ದರೂ ನಾಡಿಗೆ ಭಾರವಾಗದು.