ಊಟ ಆದ್ಮ್ಯಾಲೆ ಚಪ್ಪಾಳೆ ಯಾಕ್ರೀ?

ಸಾಫ್ಟ್‌ವೇರ್ ಕಂಪನಿಗಳ ಟ್ರೇನಿಂಗಿನಲ್ಲಿ ಕೂತವರಿಗೆಲ್ಲ 'ಎನರ್ಜೈಸರ್' ಗೊತ್ತಿರುತ್ತೆ. ಮಧ್ಯಾಹ್ನ ಎರಡು ಗಂಟೆ, ಹೊಟ್ಟೆ ತುಂಬಿದೆ, ಕಣ್ಣು ಎಳೀತಿದೆ. ಆಗ ಟ್ರೇನರ್ ಎಲ್ಲರನ್ನೂ ಎಬ್ಬಿಸಿ ಚಪ್ಪಾಳೆ ಹೊಡೆಸ್ತಾರೆ, ಆನೆ-ಸಿಂಹ ಅಂತ ಕುಣಿಸ್ತಾರೆ. ಐದು ನಿಮಿಷ ನಗು, ಹತ್ತನೇ ನಿಮಿಷಕ್ಕೆ ಮತ್ತದೇ ಆಕಳಿಕೆ :)

ನಮಗೇನೋ ಸರಿ, ಸಂಬಳ ನಡೀತಿರುತ್ತೆ. ಆದರೆ ಇದೇ ಆಟಗಳನ್ನು ಹಾಗೇ ಎತ್ಕೊಂಡು ಹೋಗಿ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಸ್ವಸಹಾಯ ಸಂಘಗಳ ಕಾರ್ಯಾಗಾರದಲ್ಲಿ ಆಡಿಸೋದು ನನಗೆ ಸರಿ ಕಾಣಲ್ಲ. ನಿಪ್ಪಾಣಿಯನ್ನೇ ತಗೊಳ್ಳಿ. ಅಲ್ಲಿ ಬೀಡಿ ಕಟ್ಟೋ ಹೆಣ್ಮಕ್ಕಳಿಗೆ ಕೂಲಿ ದಿನದ ಲೆಕ್ಕದಲ್ಲಲ್ಲ, ಸಾವಿರ ಬೀಡಿಗೆ ಇಷ್ಟು ಅಂತ. ಕಾರ್ಯಾಗಾರಕ್ಕೆ ಬಂದ ದಿನ ಕಟ್ಟದೆ ಉಳಿದ ಬೀಡಿ ಅವರದೇ ನಷ್ಟ. ಅಂಥವರ ಅರ್ಧ ಗಂಟೆಯನ್ನು ಆನೆ-ಸಿಂಹಕ್ಕೆ ಕಳೆಯೋಕೆ ನಾವ್ಯಾರು? ತಲೆ ಮೇಲೆ ಸೆರಗು ಹೊದ್ದು ಕೂತ ಅತ್ತೆ-ಸೊಸೆಯನ್ನು ಊರ ಹಿರಿಯರ ಎದುರಿಗೆ ಕುಣಿಸಿದ್ರೆ ಬರೋದು ಹುರುಪಲ್ಲ, ಮುಜುಗರ. ಇನ್ನು ನಿಪ್ಪಾಣಿ, ಕಾಗವಾಡದಲ್ಲಿ ಮನೇಲಿ ಮರಾಠಿ ಮಾತಾಡೋರು ಬಹಳ. ಕನ್ನಡ ಒಗಟು, ಅಂತ್ಯಾಕ್ಷರಿ ಇಟ್ರೆ ಅವರು ಅಲ್ಲೇ ಹೊರಗೆ.

ಆಕಳಿಕೆಗೆ ಊಟವೊಂದೇ ಕಾರಣ ಅಂತಲೂ ನಾನು ಒಪ್ಪಲ್ಲ. 1981ರಲ್ಲಿ ಇದೇ ನಿಪ್ಪಾಣಿಯ ತಂಬಾಕು ಬೆಳೆಗಾರರು ಬೆಲೆಗಾಗಿ ಶರದ್ ಜೋಶಿಯವರ ನೇತೃತ್ವದಲ್ಲಿ ಹೆದ್ದಾರಿ ಮೇಲೆ ವಾರಗಟ್ಟಲೆ ಕೂತಿದ್ರು. ಕೊನೆಗೆ ಗೋಲಿಬಾರ್ ಆಗಿ ಜೀವಗಳೇ ಹೋದವು. ವಿಷಯ ತಮ್ಮದು ಅನ್ನಿಸಿದ್ರೆ ಈ ಜನ ಹೇಗೆ ಕೂರ್ತಾರೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ನಾವು ಬೆಳಿಗ್ಗೆಯಿಂದ ಸ್ಲೈಡ್ ಓದಿ ಮಲಗಿಸಿ, ಮಧ್ಯಾಹ್ನ ಚಪ್ಪಾಳೆ ಹೊಡೆಸಿ ಎಬ್ಬಿಸ್ತೀವಿ ಅಷ್ಟೇ.

ಹಾಗಂತ ಆಟವೇ ಬೇಡ ಅನ್ನೋನಲ್ಲ ನಾನು. ನಿದ್ದೆ ಓಡಿಸೋ ವಿದ್ಯೆ ಉತ್ತರ ಕರ್ನಾಟಕಕ್ಕೆ ಹೊಸದೇನಲ್ಲವಲ್ಲ. ಹಂತಿ ಪದ ಕೇಳಿದ್ದೀರಾ? ರಾತ್ರಿಯೆಲ್ಲ ಕಣದಲ್ಲಿ ಮೇಟಿ ಸುತ್ತ ಎತ್ತು ತಿರುಗಿಸಿ ತೆನೆ ತುಳಿಸುವಾಗ ಒಬ್ಬ ಹಾಡೋದು, ಉಳಿದವರು ದನಿಗೂಡಿಸೋದು. ಬೀಸುಕಲ್ಲಿನ ಪದವೂ ಹಾಗೇ. ಯಾರೂ ಕೆಲಸ ನಿಲ್ಲಿಸಿ ಹಾಡ್ತಿರಲಿಲ್ಲ, ಹಾಡು ಕೆಲಸದೊಳಗೇ ಇತ್ತು. (ಈಗ ಮಷೀನು ಬಂದು ಹಂತಿ ಅಪರೂಪ, ಅದು ಬೇರೆ ಮಾತು.) 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲೂ ಹಾಡು, ಆಟ ಪಾಠದ ಮಧ್ಯದ ಬಿಡುವಲ್ಲ, ಅದೇ ಪಾಠ.

ಕಾರ್ಯಾಗಾರದಲ್ಲೂ ಅಷ್ಟೇ ಮಾಡಿದ್ರಾಯ್ತು. ಬಡ್ಡಿ ವಿಷಯ ಇದೆ ಅನ್ಕೊಳ್ಳಿ. ಪ್ರತಿ ಗುಂಪಿಗೂ ನೂರು ಶೇಂಗಾ ಕಾಳು ಕೊಡಿ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಒಂದೊಂದು ತಿಂಗಳಿಗೂ ಒಬ್ಬೊಬ್ಬರು ಎದ್ದು ಬಂದು ಎರಡೆರಡು ಕಾಳು ಸಾಹುಕಾರನ ಬುಟ್ಟಿಗೆ ಹಾಕಲಿ. ವರ್ಷಕ್ಕೆ 24 ಕಾಳು ಹೋಯ್ತು, ಅಸಲು ಹಾಗೇ ನಿಂತಿದೆ! ಐದೇ ನಿಮಿಷ, ಕನ್ನಡ-ಮರಾಠಿ ತಕರಾರಿಲ್ಲ, ಯಾರೂ ಕುಣೀಬೇಕಿಲ್ಲ.

ಲೆಕ್ಕ ಮುಗಿದ ಮೇಲೆ ಶೇಂಗಾ ತಿನ್ನಬಹುದು. ಜೊತೆಗೆ ಬೆಲ್ಲ ಇದ್ರೆ ಇನ್ನೂ ಚೊಲೊ.