ದೇಹದ ಕಾವಲೇ ಮಿತಿಮೀರಿದಾಗ
ಕೋವಿಡ್‌ನಿಂದ ಆಸ್ಪತ್ರೆ ಸೇರಿದ ಹಲವರ ಶ್ವಾಸಕೋಶ ಕೆಡಿಸಿದ್ದು ವೈರಾಣು ಮಾತ್ರವಲ್ಲ, ಅದರ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆಯೂ ಹೌದು. ವೈರಾಣುವನ್ನು ಮೊದಲೇ ತಡೆಯಬೇಕಾದ ಇಂಟರ್‌ಫೆರಾನ್ ತಡವಾದರೆ, ಎರಡನೇ ವಾರದ ಹೊತ್ತಿಗೆ ಉರಿಯೂತ ಕೈಮೀರಬಹುದು: ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಇಳಿಯುತ್ತವೆ, ಉರಿಯೂತದ ಸೂಚಕಗಳಾದ ಇಂಟರ್‌ಲ್ಯೂಕಿನ್-6 ಮತ್ತು ಸಿಆರ್‌ಪಿ ಏರುತ್ತವೆ. 2020ರ ಮಾರ್ಚ್‌ನಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರಲ್ಲಿ ಸೋಂಕು ಹಬ್ಬಿದಾಗ ಈ ಉರಿಯೂತಕ್ಕೆ ಖಚಿತ ಮದ್ದು ಇರಲಿಲ್ಲ. ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಎಂಬ ಔಷಧ ಪ್ರಯೋಗ ದಾರಿ ತೋರಿತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಕೊಟ್ಟಾಗ ವೆಂಟಿಲೇಟರ್‌ನಲ್ಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತು. ಆಮ್ಲಜನಕ ಬೇಡದವರಿಗೆ ಪ್ರಯೋಜನವಾಗಲಿಲ್ಲ. ಹಾಗಾಗಿ ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದಂಥ ಹಳ್ಳಿಗಳಲ್ಲಿ ಜ್ವರ ಬಂದ ಕೂಡಲೇ ಸ್ಟೀರಾಯ್ಡ್ ಮಾತ್ರೆ ನುಂಗುವುದು ಅಪಾಯ. ಏದುಸಿರು ಬಂದರೆ, ಇಲ್ಲವೇ ರಕ್ತದ ಆಮ್ಲಜನಕ ಪ್ರಮಾಣ ಶೇ 94ಕ್ಕಿಂತ ಕೆಳಗಿಳಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.